ಇಮೇಲ್ ಆಟವನ್ನು ಲೈವ್‌ಗೆ ತರುವ ಮೊದಲು ಫೈಲ್ ನೋಡಿಕೊಳ್ಳಿ

ಸರ್, ಶನಿವಾರ ಲೈವ್ ಆಟಕ್ಕೆ, ಅಂದರೆ ಎಲ್ಲರೂ ಒಂದೇ ಹೊತ್ತಿಗೆ ಆನ್‌ಲೈನ್ ಬಂದು ಆಡುವುದಕ್ಕೆ, ಕೂರುವ ಮೊದಲು ದಯವಿಟ್ಟು ಇದನ್ನು ಓದಿ. ನಿಮ್ಮ ಆರು ಜನರ ಹಿಯರ್ ಐ ಸ್ಟ್ಯಾಂಡ್ (ಹದಿನಾರನೇ ಶತಮಾನದ ಯುರೋಪಿನ ಬೋರ್ಡ್ ಆಟ) ವಾಸಲ್‌ನಲ್ಲಿ, ಅಂದರೆ ಬೋರ್ಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ತಂತ್ರಾಂಶದಲ್ಲಿ, ಇಮೇಲ್ ಮೇಲೆ ನಡೆಯುತ್ತಿದೆ, ನಾಲ್ಕನೇ ಟರ್ನ್‌ಗೆ ಬಂದು ತೆವಳುತ್ತಿದೆ, "ಕೊನೆಗೆ ಬಂದ ಲಾಗ್ ಓಪನ್ ಮಾಡಿ ಎಲ್ಲರೂ ಸಿಂಕ್ ಆಗಿ ಶುರು ಮಾಡಿಬಿಡ್ತೀವಿ" ಅಂತ ಬರೆದಿದ್ದೀರಿ. ಹಾಗೆ ಮಾಡಬೇಡಿ. (ಲಾಗ್ ಅಂದರೆ ನಡೆಗಳನ್ನು ದಾಖಲಿಸಿದ ಫೈಲ್; ಸಿಂಕ್ ಅಂದರೆ ಆನ್‌ಲೈನ್ ರೂಮ್‌ನಲ್ಲಿ ಎಲ್ಲರ ಪರದೆಗೂ ಒಂದೇ ಬೋರ್ಡ್ ಬರುವುದು.) ನಮ್ಮ ಗುಂಪಿನ ಒಂದು ಒಳ್ಳೆಯ ಆಟ ಹೀಗೇ ಹಾಳಾಯಿತು.

ಆಗಿದ್ದು ಇಷ್ಟು. ಹ್ಯಾಪ್ಸ್‌ಬರ್ಗ್ ಆಡುವವರು ತಮ್ಮ ಇಂಪಲ್ಸ್‌ನ (ಟರ್ನ್‌ನೊಳಗೆ ಒಬ್ಬರ ಒಂದು ಸರದಿ) ಲಾಗ್ ಕಳಿಸಿದ್ದರು. ಅದಕ್ಕೆ ಉತ್ತರವಾಗಿ ಫ್ರಾನ್ಸ್ ಆಡುವವರು ಸ್ವಿಸ್ ಮರ್ಸಿನರೀಸ್ (ಬಾಡಿಗೆ ಸೈನಿಕರು) ಕಾರ್ಡ್ ಹಾಕಿ, ಮಿಲಾನ್‌ನಲ್ಲಿ ಸೈನ್ಯ ಇಟ್ಟು, ಇನ್ನೊಂದು ಪುಟ್ಟ ಲಾಗ್ ಕಳಿಸಿದ್ದರು. ಎರಡೂ ಒಂದೇ ಮೇಲ್ ಸರಣಿಯಲ್ಲಿ ಇದ್ದವು. ರೂಮ್ ತೆರೆದವರು ಮೊದಲನೆಯದನ್ನು ಲೋಡ್ ಮಾಡಿದರು. ಬೋರ್ಡ್ ನೋಡಿದರೆ ಎಲ್ಲ ಸರಿಯಾಗೇ ಕಾಣಿಸುತ್ತಿತ್ತು. ಆರೂ ಜನ ಸಿಂಕ್ ಆದೆವು, ಇಡೀ ಸಂಜೆ ಆಡಿದೆವು, ಮಿಲಾನ್ ಬಿತ್ತು. ಕೆಲವು ದಿನ ಆದಮೇಲೆ ಫ್ರಾನ್ಸ್‌ನವರ ಮೇಲ್ ಬಂತು: ನನ್ನ ಸ್ವಿಸ್ ಸೈನ್ಯ ಎಲ್ಲಿ? ಲೈವ್ ಆಡುವಾಗ ಯಾರೂ ಲಾಗ್ ಶುರು ಮಾಡಿರಲಿಲ್ಲ. ಹಾಗಾಗಿ ಹಿಂದಕ್ಕೆ ಹೋಗಿ ಒಂದೊಂದೇ ನಡೆ ನೋಡಿ ಸರಿಪಡಿಸಲು ದಾರಿಯೇ ಇರಲಿಲ್ಲ. ಆ ಆಟ ಅಲ್ಲಿಗೇ ನಿಂತಿತು.

ನಿಮ್ಮ ಮಾತಿನಲ್ಲಿ ತೊಂದರೆ ಇರುವುದೇ "ಕೊನೆಗೆ ಬಂದ ಲಾಗ್" ಅನ್ನುವಲ್ಲಿ. ಯಾವುದು ನಿಜಕ್ಕೂ ಕೊನೆಯದು ಅಂತ ಮೊದಲು ನೋಡಿಕೊಳ್ಳಬೇಕು, ಅದನ್ನು ಬರೀ ತೆರೆದರೂ ಸಾಲದು. ವಿಲಾಗ್ (ವಾಸಲ್‌ನ ಲಾಗ್) ಫೈಲ್ ಅಂದರೆ ಶುರುವಿನ ಸ್ಥಿತಿ ಮತ್ತು ಅಲ್ಲಿಂದ ಮುಂದಿನ ನಡೆಗಳು. ಲೋಡ್ ಮಾಡಿದ ಕೂಡಲೇ ನಿಮಗೆ ಕಾಣುವುದು ಶುರುವಿನ ಸ್ಥಿತಿ. ಪೇಜ್ ಡೌನ್ ಒತ್ತುತ್ತಾ ಕೊನೆವರೆಗೂ ಹೋಗಬೇಕು. ಮಧ್ಯದಲ್ಲಿ ನಿಲ್ಲಿಸಿ ಕಾಯಿ ಸರಿಸಿದರೆ ಉಳಿದ ನಡೆಗಳು ನಿಮ್ಮ ಆಟದಲ್ಲಿ ನಡೆದೇ ಇಲ್ಲ. ಚಾಟ್ ಕಿಟಕಿಯಲ್ಲಿ ಕೊನೆಯ ಸಾಲು ಯಾರದು ಅಂತ ಓದಿ, ಮೇಲ್‌ನಲ್ಲಿ ಅವರು ಬರೆದದ್ದಕ್ಕೆ ಹೋಲಿಸಿ. ಆಮೇಲೆ ವಿಸೇವ್ ಆಗಿ, ಅಂದರೆ ಆ ಕ್ಷಣದ ಸ್ಥಿತಿ ಮಾತ್ರ ಇರುವ ಫೈಲಾಗಿ, ಸೇವ್ ಮಾಡಿ. ಲೈವ್‌ಗೆ ತರಬೇಕಾದ್ದು ಆ ವಿಸೇವ್ ಮಾತ್ರ. ವಿಲಾಗ್ ತರಬೇಡಿ.

ಈ ಕೆಲಸ ಒಬ್ಬರೇ ಮಾಡಲಿ. ಇಡೀ ಆಟಕ್ಕೆ ಫೈಲ್ ನೋಡಿಕೊಳ್ಳುವವರು ಒಬ್ಬರು. "ಯಾರ ಹತ್ರ ಇದ್ಯೋ ಅವ್ರು ಹಾಕಿ" ಅನ್ನುವ ಗುಂಪುಗಳನ್ನು ನೋಡಿದ್ದೇನೆ, ಅವರ ಆಟ ಮುಗಿದದ್ದು ನೋಡಿಲ್ಲ. ಫೈಲ್ ಹೆಸರಲ್ಲಿ ಟರ್ನ್, ಇಂಪಲ್ಸ್, ಯಾರ ಸರದಿ, ಮೂರೂ ಇರಲಿ. ವಾಟ್ಸಾಪ್‌ನಲ್ಲಿ ಫೈಲ್ ಎಸೆಯುವುದನ್ನು ಇವತ್ತೇ ನಿಲ್ಲಿಸಿ. ಮದುವೆ ಫೋಟೊ, ಗುಡ್ ಮಾರ್ನಿಂಗ್ ನಡುವೆ ನಿಮ್ಮ ಲಾಗ್ ಸಿಗುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ಸಾಕು. ಡೌನ್‌ಲೋಡ್ ಮಾಡುವಾಗ ಬ್ರೌಸರ್ ಹೆಸರಿನ ಕೊನೆಗೆ ಒಂದು, ಎರಡು ಅಂತ ಸೇರಿಸುತ್ತದಲ್ಲ, ಅಂಥ ಫೈಲ್ ಯಾವತ್ತೂ ವಾಪಸ್ ಮೇಲೆ ಹಾಕಬೇಡಿ.

ಈಗ ನಾನು ಬಿಡದೆ ಪಾಲಿಸುವ ಒಂದು ಕ್ರಮ. ರೂಮ್‌ನಲ್ಲಿ ಎಲ್ಲರೂ ಸೇರಿ ಸಿಂಕ್ರೊನೈಸ್ ಆದ ಮೇಲೆ ಯಾರೂ ಕಾಯಿ ಮುಟ್ಟಬಾರದು. ಇಂಪಲ್ಸ್ ಕ್ರಮದಲ್ಲೇ, ಅಂದರೆ ಆಟೊಮನ್, ಹ್ಯಾಪ್ಸ್‌ಬರ್ಗ್, ಇಂಗ್ಲೆಂಡ್, ಫ್ರಾನ್ಸ್, ಪೋಪ್, ಪ್ರಾಟೆಸ್ಟೆಂಟ್, ಒಬ್ಬೊಬ್ಬರೂ ತಮ್ಮ ಸ್ಥಿತಿಯನ್ನು ಜೋರಾಗಿ ಓದಿ ಹೇಳಬೇಕು. ಕೈಯಲ್ಲಿ ಎಷ್ಟು ಕಾರ್ಡ್, ವಿಪಿ (ಗೆಲುವಿನ ಅಂಕ) ಎಷ್ಟು, ಯಾರ ಜೊತೆ ಯುದ್ಧ, ಯಾರ ಜೊತೆ ಮೈತ್ರಿ, ಮುಖ್ಯ ನಾಯಕ ಎಲ್ಲಿ ಮತ್ತು ಅವನ ಕೆಳಗೆ ಎಷ್ಟು ಸೈನ್ಯ. "ಸುಲೈಮಾನ್ ಬೆಲ್‌ಗ್ರೇಡ್‌ನಲ್ಲಿ, ಐದು ರೆಗ್ಯುಲರ್ (ಕಾಯಂ ಸೈನ್ಯ)" ಅಂತ ಬಾಯಿಬಿಟ್ಟು ಹೇಳಬೇಕು. ಪ್ರಾಟೆಸ್ಟೆಂಟ್ ಆಡುವವರು ತಮ್ಮ ಕಡೆ ತಿರುಗಿದ ಊರುಗಳ ಲೆಕ್ಕ ಓದಲಿ. ಬೇಸರದ ಕೆಲಸ ಅನ್ನಿಸಬಹುದು. ಆದರೆ ಅವತ್ತು ಇದನ್ನು ಮಾಡಿದ್ದರೆ ಫ್ರಾನ್ಸ್‌ನವರು ಮಿಲಾನ್ ಲೆಕ್ಕ ಓದುವಾಗಲೇ ತಪ್ಪು ಸಿಕ್ಕಿಬಿಡುತ್ತಿತ್ತು. ನನ್ನ ಜೊತೆ ಆಡುವ ಯಾರೂ ಈಗ ಇದನ್ನು ಬಿಡುವಂತಿಲ್ಲ.

ಓದಿದ ಮೇಲೆ ಇಬ್ಬರು ಲಾಗ್ ಶುರು ಮಾಡಲಿ. ಒಬ್ಬರದು ಸಾಲದು, ಕರೆಂಟ್ ಹೋಗುತ್ತೆ, ವಾಸಲ್ ನಿಲ್ಲುತ್ತೆ. ಒಬ್ಬರು ಬೆಂಗಳೂರಲ್ಲಿದ್ದರೆ ಇನ್ನೊಬ್ಬರು ಬೇರೆ ಊರಲ್ಲಿರಲಿ. "ಲೈವ್‌ನಲ್ಲಿ ಎಲ್ಲರೂ ನೋಡ್ತಾನೇ ಇರ್ತೀವಲ್ಲ, ಲಾಗ್ ಯಾಕೆ" ಅನ್ನುವವರಿಗೆ ಮೇಲಿನ ಕಥೆ ತೋರಿಸಿ.

ಪಾಸ್‌ವರ್ಡ್ ಮಾತು. ವಾಸಲ್‌ನ ಪ್ರಿಫರೆನ್ಸಸ್‌ನಲ್ಲಿ ಇಮೇಲ್ ಆಟಕ್ಕೆ ಕೊಟ್ಟ ಅದೇ ಪಾಸ್‌ವರ್ಡ್ ಇರಬೇಕು. ಹೊಸ ಲ್ಯಾಪ್‌ಟಾಪ್ ತಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳುವುದು: ತಮ್ಮ ಕಾರ್ಡ್ ತಮಗೇ ಕಾಣುವುದಿಲ್ಲ. ಮಾಡ್ಯೂಲ್‌ನ (ವಾಸಲ್‌ನಲ್ಲಿ ಈ ಆಟ ತೆರೆಯುವ ಫೈಲ್) ಆವೃತ್ತಿ ಆರೂ ಜನರದು ಒಂದೇ ಇರಲಿ. ಆಟದ ಮಧ್ಯೆ ಯಾರೂ ಅಪ್‌ಡೇಟ್ ಮಾಡಬಾರದು, ಹೊಸದು ಎಷ್ಟೇ ಚೆನ್ನಾಗಿದ್ದರೂ.

ನಿಮ್ಮ ಕಾರ್ಡ್‌ಗಳು ಆ್ಯಕ್ಟ್ಸ್‌ನಲ್ಲಿದ್ದರೆ (ಕಾರ್ಡ್ ಹಂಚಿ ಲೆಕ್ಕ ಇಡುವ ವೆಬ್‌ಸೈಟ್) ಲೈವ್ ಆಡುವಾಗಲೂ ಅಲ್ಲೇ ಇರಲಿ. ಇನ್ನೊಂದು ಬ್ರೌಸರ್ ಟ್ಯಾಬ್ ತೆರೆದಿಟ್ಟುಕೊಳ್ಳಿ. ಅರ್ಧ ಕಾರ್ಡ್ ಅಲ್ಲಿ, ಅರ್ಧ ವಾಸಲ್ ಡೆಕ್‌ನಲ್ಲಿ ಆದರೆ ಮುಂದಿನ ಟರ್ನ್‌ನಲ್ಲಿ ಒಂದೇ ಕಾರ್ಡ್ ಇಬ್ಬರ ಕೈಗೆ ಬರುತ್ತದೆ. ದಾಳಕ್ಕೂ ಇದೇ ಮಾತು: ಲೈವ್‌ನಲ್ಲಿ ಎಲ್ಲರ ಕಣ್ಣೆದುರು ವಾಸಲ್‌ನಲ್ಲೇ ಹಾಕಿ, ಇಮೇಲ್‌ಗೆ ಹೋದ ಮೇಲೆ ಎಲ್ಲರಿಗೂ ಫಲಿತಾಂಶದ ಮೇಲ್ ಬರುವ ಕಡೆ ಹಾಕಿ. ಅನುಮಾನಕ್ಕೆ ಜಾಗವೇ ಇರಬಾರದು.

ಯಾವಾಗ ಬದಲಿಸಬೇಕು ಅನ್ನುವುದು ಇನ್ನೂ ಮುಖ್ಯ. ಇಂಪಲ್ಸ್ ಮಧ್ಯೆ ಬದಲಿಸುವುದು ಓಡುವ ಬಸ್ಸಿನಿಂದ ಇಳಿದ ಹಾಗೆ. ಮುತ್ತಿಗೆ ಅರ್ಧ ಆಗಿರುತ್ತದೆ, ಯಾರೋ ಗೌಟ್ (ಎದುರಾಳಿಯ ನಾಯಕನನ್ನು ತಡೆಯುವ) ಕಾರ್ಡ್ ಹಾಕಬೇಕೋ ಬೇಡವೋ ಅಂತ ಯೋಚಿಸುತ್ತಿರುತ್ತಾರೆ. ಟರ್ನ್ ಪೂರ್ತಿ ಮುಗಿಸಿ, ಕಾರ್ಡ್ ಹಂಚಿ, ಆಮೇಲೆ ಬದಲಿಸಿ. ನಾಲ್ಕನೇ ಟರ್ನ್‌ನ ಉಳಿದ ಇಂಪಲ್ಸ್ ಇಮೇಲ್‌ನಲ್ಲೇ ಮುಗಿಯಲಿ, ಶನಿವಾರ ಐದನೇ ಟರ್ನ್‌ನ ಡಿಪ್ಲೊಮಸಿ (ಮಾತುಕತೆ) ಹಂತದಿಂದ ಕೂರಿ. ಅಷ್ಟರೊಳಗೆ ಮುಗಿಯದಿದ್ದರೆ ಒಂದು ವಾರ ಮುಂದೆ ಹಾಕಿ.

ನನ್ನ ಅಭಿಪ್ರಾಯ ಕೇಳಿದರೆ ಇಡೀ ಆಟ ಲೈವ್ ಮಾಡುವ ಅಗತ್ಯವೇ ಇಲ್ಲ. ಈ ಆಟದಲ್ಲಿ ಮಾತುಕತೆ ಇಮೇಲ್‌ನಲ್ಲಿ ಸೊರಗುತ್ತದೆ, ಇಂಪಲ್ಸ್ ಇಮೇಲ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಆರು ಜನ ಅಂದರೆ ಹದಿನೈದು ಜೋಡಿ. ಎಲ್ಲ ಜೋಡಿಯೂ ಮೇಲ್‌ನಲ್ಲಿ ಚೌಕಾಸಿ ಮಾಡಿದರೆ ವಾರಗಟ್ಟಲೆ ಹಿಡಿಯುತ್ತದೆ. ಡಿಸ್ಕಾರ್ಡ್‌ನಲ್ಲಿ ನಾಲ್ಕೈದು ವಾಯ್ಸ್ ಚಾನೆಲ್ ಮಾಡಿ, ಅರ್ಧ ಗಂಟೆ ಗಡಿಯಾರ ಇಡಿ, ಆಮೇಲೆ ಎಲ್ಲರೂ ಒಂದು ಕಡೆ ಬಂದು ಒಪ್ಪಂದಗಳನ್ನು ಘೋಷಿಸಲಿ, ಒಬ್ಬರು ಬರೆದು ಮೇಲ್ ಹಾಕಲಿ. ಬರೆಯದೆ ಬಿಟ್ಟ ಒಪ್ಪಂದದ ಬಗ್ಗೆ ಆಮೇಲೆ ಜಗಳ ಗ್ಯಾರಂಟಿ. ಸ್ಪ್ರಿಂಗ್ ಡಿಪ್ಲಾಯ್‌ಮೆಂಟ್ (ಇಂಪಲ್ಸ್‌ಗೆ ಮುಂಚೆ ಸೈನ್ಯ ಸಾಗಿಸುವ ಹಂತ) ಕೂಡ ಅಲ್ಲೇ ಮುಗಿಸಿ. ಎಂಡ್ ಲಾಗ್‌ಫೈಲ್ ಒತ್ತಿ, ವಿಸೇವ್ ಮಾಡಿ, ಎರಡನ್ನೂ ಡ್ರೈವ್‌ಗೆ ಹಾಕಿ. ಮುಂದಿನವರು ಆ ವಿಸೇವ್‌ನಿಂದ ಹೊಸ ಲಾಗ್ ಶುರು ಮಾಡಲಿ.

ಇಮೇಲ್ ಇಂಪಲ್ಸ್ ತೆವಳುವುದಕ್ಕೆ ಕಾರಣ ರೆಸ್ಪಾನ್ಸ್ ಕಾರ್ಡ್, ಅಂದರೆ ಬೇರೆಯವರ ಸರದಿಯ ನಡುವೆಯೂ ಹಾಕಬಹುದಾದ ಕಾರ್ಡ್. ಪ್ರತಿ ನಡೆಗೂ "ಯಾರಾದರೂ ಏನಾದರೂ ಹಾಕ್ತೀರಾ" ಅಂತ ಐದು ಜನರನ್ನು ಕಾಯಬೇಡಿ. ಒಂದು ದಿನದ ಗಡುವು ಇಡಿ, ಉತ್ತರ ಬರದಿದ್ದರೆ ಇಲ್ಲ ಅಂತಲೇ ಅರ್ಥ. ಫೌಲ್ ವೆದರ್ (ಕೆಟ್ಟ ಹವಾಮಾನ) ಥರದ ಕಾರ್ಡ್ ಇಟ್ಟುಕೊಂಡವರು ಆಟದಲ್ಲಿ ಇಲ್ಲದ ಒಬ್ಬ ಸ್ನೇಹಿತರಿಗೆ ಮೊದಲೇ ಬರೆದಿಡಬಹುದು: ಆಟೊಮನ್ ನೌಕಾಪಡೆ ಹೊರಟರೆ ಹಾಕಿ ಅಂತ.

ಸಮಯದ ಬಗ್ಗೆಯೂ ನೋಡಿ. ನಿಮ್ಮಲ್ಲಿ ಒಬ್ಬರು ಜರ್ಮನಿ, ಒಬ್ಬರು ನ್ಯೂಜೆರ್ಸಿ ಅಂದಿರಿ. ಬೇಸಿಗೆಯಲ್ಲಿ ನಮ್ಮ ಸಂಜೆ 7:30 ಅಂದರೆ ಅಲ್ಲಿ ಸಂಜೆ 4 ಮತ್ತು ಬೆಳಿಗ್ಗೆ 10. ಚಳಿಗಾಲದಲ್ಲಿ ಇಬ್ಬರಿಗೂ ಒಂದು ಗಂಟೆ ಮುಂಚೆ. ಆದರೆ ಅಮೆರಿಕ ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ಆ ನಡುವಿನ ವಾರಗಳಲ್ಲಿ ಯಾರಾದರೊಬ್ಬರು ತಪ್ಪಿಸಿಕೊಳ್ಳುವುದು ಖಂಡಿತ. ಯಾವಾಗಲೂ ಭಾರತದ ಸಮಯವನ್ನೇ ಬರೆಯಿರಿ.

ಯಾರೋ ಟೇಬಲ್‌ಟಾಪ್ ಸಿಮ್ಯುಲೇಟರ್‌ಗೆ (ಬೋರ್ಡ್ ಆಟಗಳ ಇನ್ನೊಂದು ತಂತ್ರಾಂಶ) ಹೋಗಿ ಅಂದಿದ್ದಾರೆ. ಬೇಡ. ದುಡ್ಡು ಕೊಡಬೇಕು, ಹಳೇ ಲ್ಯಾಪ್‌ಟಾಪ್ ಒದ್ದಾಡುತ್ತೆ, ವಾಸಲ್ ಲಾಗ್‌ನಂಥದ್ದು ಅಲ್ಲಿಲ್ಲ. ಮುಂದೆ ಇಬ್ಬರೇ ಆಡುವುದಾದರೆ ರ‍್ಯಾಲಿ ದ ಟ್ರೂಪ್ಸ್ ವೆಬ್‌ಸೈಟ್‌ನಲ್ಲಿ ಪಾತ್ಸ್ ಆಫ್ ಗ್ಲೋರಿ ಅನ್ನುವ ಮೊದಲ ಮಹಾಯುದ್ಧದ ಆಟ ನೋಡಿ. ಅಲ್ಲಿ ಫೈಲ್ ತಾಪತ್ರಯವೇ ಇಲ್ಲ. ಇಬ್ಬರೂ ಕೂತಿದ್ದರೆ ಲೈವ್, ಇಲ್ಲದಿದ್ದರೆ ಸರದಿ ಬಂದಾಗ ಮೇಲ್ ಬರುತ್ತದೆ.

ನಿಮ್ಮ ಮಾಡ್ಯೂಲ್ ಆವೃತ್ತಿ ಮತ್ತು ವಾಸಲ್ ಆವೃತ್ತಿ ಎರಡನ್ನೂ ಇಲ್ಲಿ ಹಾಕಿ. ಶುಕ್ರವಾರ ರಾತ್ರಿ ಊಟ ಆದಮೇಲೆ ಒಂದು ರೂಮ್ ತೆರೆಯುತ್ತೇನೆ. ಆರೂ ಜನ ಬಂದು ಆಟದ ಫೈಲ್‌ನ ಒಂದು ಪ್ರತಿಯಲ್ಲಿ ತಮ್ಮ ಕಾರ್ಡ್ ಕಾಣುತ್ತದೆಯೇ ಅಂತ ನೋಡಿಕೊಂಡು ಹೋಗಲಿ.