ಊರವರೇ ಸೇರಿ ನಡೆಸೋ ಗಿಡಗಳ ಸೇಲ್‌ನಲ್ಲಿ ನಮ್ಮ ಕಡೆಯ ಗಿಡಾನೇ ಯಾಕೆ ತಗೋಬೇಕು?
ಯಾಕಂದ್ರೆ ನಮ್ಮ ಚಿಟ್ಟೆ, ಹುಳುಗಳು ಮರಿ ಮಾಡೋಕೆ ಆ ಗಿಡಗಳೇ ಬೇಕು, ಮತ್ತೆ ಮಾಮೂಲಿ ನರ್ಸರಿಗಳಲ್ಲಿ ಅವು ಸುಲಭಕ್ಕೆ ಸಿಗಲ್ಲ.

ಚಿಟ್ಟೆ ನೂರೆಂಟು ಹೂವಿನ ಮಕರಂದ ಕುಡಿಯುತ್ತೆ, ಆದ್ರೆ ಅದರ ಮರಿಹುಳ ಹಾಗಲ್ಲ, ಬಹಳಷ್ಟು ಗಿಡಗಳ ಎಲೆಯಲ್ಲಿ ಅವುಗಳದ್ದೇ ವಿಷ ಇರುತ್ತೆ, ಯಾವುದನ್ನ ಅರಗಿಸ್ಕೊಳ್ಳೋಕೆ ಆಗುತ್ತೋ ಅದನ್ನ ಮಾತ್ರ ತಿನ್ನುತ್ತೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನೇ ನೋಡಿ, ಅದರ ಮರಿಹುಳ ಬೆಳೆಯೋದು ಈಶ್ವರಿ ಬಳ್ಳಿ ಮತ್ತೆ ಅದೇ ಕುಟುಂಬದ ಗಿಡಗಳ ಮೇಲೆ, ಆ ಗಿಡದ ವಿಷ ಮೈಯಲ್ಲೇ ಉಳಿಯೋದ್ರಿಂದ ಹಕ್ಕಿಗಳೂ ಸಾಮಾನ್ಯವಾಗಿ ಅದನ್ನ ಮುಟ್ಟಲ್ಲ, ಎಷ್ಟು ಚೆಂದದ ವ್ಯವಸ್ಥೆ ಅಲ್ವಾ! ಅಂಗಳದ ತುಂಬ ಬೋಗನ್‌ವಿಲ್ಲಾ ಇದ್ರೂ ಅದಕ್ಕೆ ಮೊಟ್ಟೆ ಇಡೋಕೆ ಜಾಗ ಇಲ್ಲ.

ಕೊಳ್ಳೋವಾಗ ಬೀಜ ಎಲ್ಲಿಂದ ತಂದಿದ್ದು ಅಂತ ಕೇಳಿ, ಎಲೆ ಅಲ್ಲಲ್ಲಿ ತೂತಾಗಿದ್ರೆ ಬೇಡ ಅನ್ಬೇಡಿ, ಹುಳ ತಿನ್ನಲಿ ಅಂತಾನೇ ತಾನೆ ನೆಡೋದು. ಔಷಧಿ ಹೊಡೆದಿದ್ರೆ ಮಾತ್ರ ತಗೋಬೇಡಿ. ಸೇಲ್ ನಡೆಸೋರಿಗೂ ಒಂದು ಮಾತು, ಬರೀ ‘ದೇಸಿ ಗಿಡ’ ಅಂತ ಬೋರ್ಡ್ ಹಾಕಿದ್ರೆ ಯಾರೂ ನಿಲ್ಲಲ್ಲ, ಕರಿಬೇವಿಗೆ, ನಿಂಬೆಗೆ, ಈಶ್ವರಿ ಬಳ್ಳಿಗೆ ಯಾವ ಚಿಟ್ಟೆ ಬರುತ್ತೆ ಅಂತ ಪಕ್ಕದಲ್ಲೇ ಫೋಟೋ ಹಾಕಿ, ಸೇಲ್‌ನ ಮುಂಗಾರು ಶುರುವಾಗೋ ಹೊತ್ತಿಗೆ ಇಟ್ಕೊಳ್ಳಿ, ನೆಟ್ಟ ಸಸಿಗೆ ಮಳೆನೂ ಸಿಗುತ್ತೆ.