ರಾಜ್ಯ ಗೆದ್ದರೂ ಅಂತರ ಕರಗುತ್ತಿಲ್ಲ, ಯಾವಾಗ ಹಿಂದೆ ಸರಿಯಬೇಕು?

ಅಮೆರಿಕದ ಅಧ್ಯಕ್ಷ ಚುನಾವಣೆಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಸ್ಪರ್ಧೆಯಲ್ಲಿ ರಾಜ್ಯ ಗೆದ್ದರೂ ನಿಮ್ಮ ಅಭ್ಯರ್ಥಿ ಹಿಂದೆಯೇ ಉಳಿಯಲು ಕಾರಣ ಬಹುಶಃ ಡೆಮಾಕ್ರಟಿಕ್ ಪಕ್ಷದ ಹಂಚಿಕೆ ನಿಯಮ. ಅಲ್ಲಿ ಗೆದ್ದವರಿಗೇ ಪಕ್ಷದ ಸಮಾವೇಶದಲ್ಲಿ ಮತ ಹಾಕುವ ಎಲ್ಲಾ ಪ್ರತಿನಿಧಿಗಳು, ಅಂದರೆ ಡೆಲಿಗೇಟ್‌ಗಳು ಸಿಗುವುದಿಲ್ಲ. ಶೇ. 15 ಮತ ದಾಟಿದವರೆಲ್ಲ ಪಾಲು ಪಡೆಯುತ್ತಾರೆ. 2008ರ ಮೇನಲ್ಲಿ ಹಿಲರಿ ಕ್ಲಿಂಟನ್ ವೆಸ್ಟ್ ವರ್ಜೀನಿಯಾವನ್ನು ಭರ್ಜರಿಯಾಗಿ ಗೆದ್ದರು. ಸಿಕ್ಕಿದ್ದು 20 ಡೆಲಿಗೇಟ್‌ಗಳು, ಎದುರಾಳಿ ಒಬಾಮಾಗೆ 8. ಅಷ್ಟು ದೊಡ್ಡ ಗೆಲುವಿಗೆ ಬರೀ 12ರ ಲಾಭ!

ಹಾಗಾಗಿ ಗೆದ್ದ ರಾಜ್ಯಗಳನ್ನು ಎಣಿಸುವುದು ಬಿಡಿ. ಬಹುಮತಕ್ಕೆ ಇನ್ನೆಷ್ಟು ಬೇಕು, ಹಂಚಲು ಎಷ್ಟು ಉಳಿದಿದೆ ಅಂತ ಮೊದಲು ಲೆಕ್ಕ ಹಾಕಿ. ಉಳಿದಿದ್ದರಲ್ಲಿ ಶೇ. 65ಕ್ಕಿಂತ ಜಾಸ್ತಿ ಬೇಕಾದರೆ ಆಟ ಮುಗಿದ ಹಾಗೇ. ಇದು ನನ್ನ ಅಂದಾಜು, ನಿಯಮವಲ್ಲ. ಎದುರಾಳಿ ದಿಢೀರನೆ ಎಡವಲೂಬಹುದು, ಅದನ್ನು ಯಾರೂ ಹೇಳಲಾಗದು. ತಮ್ಮಿಷ್ಟದವರನ್ನು ಬೆಂಬಲಿಸಬಹುದಾದ ಪಕ್ಷದ ನಾಯಕರನ್ನು, ಅಂದರೆ ಸೂಪರ್ ಡೆಲಿಗೇಟ್‌ಗಳನ್ನಂತೂ ಸುಮ್ನೆ ನಂಬಿ ಕೂರಬೇಡಿ. 2018ರ ಬದಲಾವಣೆಯ ನಂತರ, ಪೈಪೋಟಿ ಇದ್ದಾಗ ಸಮಾವೇಶದ ಮೊದಲ ಸುತ್ತಿನಲ್ಲಿ ಅವರಿಗೆ ಮತವಿಲ್ಲ.

ಆಮೇಲೆ ಖಜಾನೆ ನೋಡಿ. ಮುಂದಿನ ಜಾಹೀರಾತಿಗೆ ಸಾಲ ಎತ್ತಬೇಕಾದರೆ ನಿಲ್ಲಿಸಿ. ಆದರೆ ಅಭ್ಯರ್ಥಿ 'ಸೋತೆ' ಅನ್ನುವ ಬದಲು 'ಪ್ರಚಾರ ಸ್ಥಗಿತ' ಅನ್ನಲಿ. 2020ರ ಏಪ್ರಿಲ್ 8ರಂದು ಬರ್ನಿ ಸ್ಯಾಂಡರ್ಸ್ ಹೀಗೇ ಮಾಡಿದರು. ಮತಪತ್ರದಲ್ಲಿ ಹೆಸರು ಉಳಿಸಿಕೊಂಡು, ಪಕ್ಷದ ಪ್ರಣಾಳಿಕೆಯ ಮೇಲೆ ಪ್ರಭಾವ ಬೀರಲು ಡೆಲಿಗೇಟ್‌ಗಳನ್ನು ಸೇರಿಸುತ್ತಲೇ ಇದ್ದರು. ಏನೇನು ಬೇಡಿಕೆ ಇಡಬೇಕು ಅನ್ನುವ ಪಟ್ಟಿಯನ್ನು ಘೋಷಣೆಗೆ ಮೊದಲೇ ಸಿದ್ಧ ಮಾಡಿಕೊಳ್ಳಿ.