ಅಮ್ಮ ಕಳಿಸುವ ಕಷಾಯದ ಪುಡಿ ತರಿಸಲಾ ಎಂದು ಕೇಳಿದವನಿಗೆ

ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೆ? ಮೈಸೂರಿನ ಸರಸ್ವತಿಪುರಂ ಬಿಟ್ಟು ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಆರು ವಾರ ಆಯಿತು ಅಂದಿದ್ದೀಯ. ಹೆಂಡತಿಗೆ ಮೈಸೂರಿನಲ್ಲೇ ಸ್ತನ ಕ್ಯಾನ್ಸರ್ ಆಪರೇಷನ್, ಕೀಮೋ ಮುಗಿದು ಈಗ ಕಾಯಿಲೆ ಮರುಕಳಿಸದಿರಲಿ ಅಂತ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ನಿನ್ನ ಪ್ರಶ್ನೆ ನಾಲ್ಕು. ಡಾಕ್ಟರನ್ನು ಹಿಡಿಯುವುದು ಹೇಗೆ, ರಾಗಿ ಹಿಟ್ಟು ಎಲ್ಲಿ ಸಿಗುತ್ತದೆ, ಅಮ್ಮನನ್ನು ಆರು ತಿಂಗಳು ಕರೆಸಿಕೊಳ್ಳಲಾ, ಅಮ್ಮ ಕಳಿಸುತ್ತೇನೆ ಅನ್ನುವ ಅಮೃತಬಳ್ಳಿ ಪುಡಿ ಮತ್ತು ಅರಿಶಿನದ ಮಾತ್ರೆ ತರಿಸಲಾ. ಮೊದಲ ಮೂರಕ್ಕೆ ಬೇಗ ಹೇಳಿಬಿಡುತ್ತೇನೆ.

ಮನೆ ಹತ್ತಿರದ ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರು) ಬಳಿ ಹೆಸರು ಬರೆಸು. ವೀಸಾ ಜೊತೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿ ಬಂದಿದ್ದೀರಿ, ಸಂಕೋಚ ಬೇಡ. ಬಯಾಪ್ಸಿ ರಿಪೋರ್ಟು, ಕೀಮೋ ಚೀಟಿ, ಡಿಸ್ಚಾರ್ಜ್ ಸಮ್ಮರಿ ಎಲ್ಲದರ ಜೆರಾಕ್ಸ್ ಕೊಡು, ಒರಿಜಿನಲ್ ಕೈಬಿಡಬೇಡ. ಹಾಗೇ ಔಷಧಿ ಶುಲ್ಕ ವಿನಾಯಿತಿ ಸರ್ಟಿಫಿಕೇಟ್ ಪಡೆಯಲು ಎಫ್‌ಪಿ92ಎ ಫಾರಂ ಕೇಳು. ಇಂಗ್ಲೆಂಡಿನಲ್ಲಿ 2009ರಿಂದ ಕ್ಯಾನ್ಸರ್ ಇರುವವರಿಗೆ ಔಷಧಿ ಪುಕ್ಕಟೆ. ಆ ಸರ್ಟಿಫಿಕೇಟ್ ಇಲ್ಲದಿದ್ದರೆ ಒಂದೊಂದು ಔಷಧಿಗೆ 9.90 ಪೌಂಡ್ ಕೊಡಬೇಕು. ರಾಗಿ ಹಿಟ್ಟು ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ. ರಾಗಿ ಅಂದರೆ ಗೊತ್ತಾಗದಿದ್ದರೆ ನಾಗ್ಲಿ ಅನ್ನು. ಉಂಡೆ ಏನೋ ಕಟ್ಟುತ್ತದೆ, ಆದರೆ ಮಂಡ್ಯದವನಾಗಿ ಅದನ್ನು ಮುದ್ದೆ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಮ್ಮ ವಿಸಿಟರ್ ವೀಸಾದಲ್ಲಿ ಬರಲಿ, ಇನ್ಶೂರೆನ್ಸ್ ಮಾಡಿಸು. ಡಿಸೆಂಬರ್ ಮಾತ್ರ ಬೇಡ. ನಾಲ್ಕು ಗಂಟೆಗೇ ಕತ್ತಲು. ದಿನಾ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆದವರು ಇಲ್ಲಿ ಕಿಟಕಿ ಮುಂದೆ ಕೂತು ಸೊರಗಿಬಿಡುತ್ತಾರೆ.

ಇನ್ನು ಕಷಾಯ.

ನಾವು ಮಂಡ್ಯದ ಗುತ್ತಲಿನವರು, ಇಲ್ಲಿಗೆ ಬಂದದ್ದು 2006ರಲ್ಲಿ. 2011ರಲ್ಲಿ ನನ್ನ ಹೆಂಡತಿಗೆ ಇದೇ ಕಾಯಿಲೆ ಬಂತು. ಮಗಳಿಗೆ ಆಗ ಐದು ವರ್ಷ. ಮಗಳಿಗೆ ಜಡೆ ಹಾಕುವುದರಿಂದ ಹಿಡಿದು ಬಸ್ಸಾರಿನವರೆಗೆ ಎಲ್ಲ ನಾನೇ ಕಲಿತೆ. ಆ ಬಸ್ಸಾರು ಹೆಂಡತಿ ತಿನ್ನಲಿಲ್ಲ ಅನ್ನು. ಕೀಮೋ ನಡೆಯುವಾಗ ಒಗ್ಗರಣೆ ಚಟಪಟ ಅಂದರೆ ಸಾಕು, ವಾಸನೆ ತಡೆಯದೆ ಮೇಲಿನ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಸ್ಟೀಲ್ ಲೋಟದಲ್ಲಿ ನೀರು ಕೊಟ್ಟರೆ ತುಕ್ಕಿನ ರುಚಿ ಅನ್ನುತ್ತಿದ್ದಳು. ಕೊನೆಗೆ ಮಗಳ ಪ್ಲಾಸ್ಟಿಕ್ ಲೋಟ ಅವಳದಾಯಿತು. ಗಂಜಿ, ಜೊತೆಗೆ ಒಂದು ಹೋಳು ನಿಂಬೆ ಉಪ್ಪಿನಕಾಯಿ, ಅಷ್ಟೇ ಒಳಗೆ ಹೋಗುತ್ತಿದ್ದದ್ದು.

ಊರಲ್ಲಿ ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬಿತ್ತು. ಅಮ್ಮ ಅದರ ಕಾಂಡ ಕತ್ತರಿಸಿ, ಒಣಗಿಸಿ, ಹಾರ್ಲಿಕ್ಸ್ ಬಾಟ್ಲಿಯಲ್ಲಿ ತುಂಬಿ, ಈ ಕಡೆ ಬರುವವರ ಕೈಲಿ ಕಳಿಸುತ್ತಿದ್ದರು. 'ಬೇವಿಗೆ ಹಬ್ಬಿದ್ದೇ ಒಳ್ಳೇದು ಕಣ್ಲಾ, ಎರಡು ಹೊತ್ತೂ ಕುಡ್ಸು.' ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಸಿ ನಾನು ಕೊಡುತ್ತಿದ್ದೆ. ಅವಳು ಮೂಗು ಹಿಡಿದು ಕುಡಿಯುತ್ತಿದ್ದಳು. ಬೇಡ ಅಂತ ಒಂದು ಸಲವೂ ಅನ್ನಲಿಲ್ಲ. ಅತ್ತೆ ಕಳಿಸಿದ್ದನ್ನು ಬೇಡ ಅನ್ನೋದು ಹೇಗೆ, ನಿನಗೆ ನಾನು ಹೇಳಬೇಕಾ?

ಮೂರನೇ ಕೀಮೋಗೆ ಮುಂಚೆ ರಕ್ತ ಪರೀಕ್ಷೆಯಲ್ಲಿ ಲಿವರ್ ಅಂಕಿಗಳು ಏರಿದ್ದವು. ಕೀಮೋ ಎರಡು ವಾರ ಮುಂದಕ್ಕೆ ಹಾಕಿದರು. ಗಿಡಮೂಲಿಕೆ ಏನಾದರೂ ತಗೊಳ್ತೀರಾ ಅಂತ ಡಾಕ್ಟರು ಅವಳನ್ನು ಕೇಳಿದರು. ಅವಳು ಬಾಯಿ ತೆಗೆಯುವ ಮೊದಲೇ ನಾನು ಇಲ್ಲ ಅಂದೆ. ಬೈಯ್ಯುತ್ತಾರೆ, ನಮ್ಮನ್ನು ಹಳ್ಳಿಗುಗ್ಗು ಅಂದುಕೊಳ್ಳುತ್ತಾರೆ ಅನ್ನೋ ಭಯ.

ಹೊರಗೆ ಬಂದ ಮೇಲೆ ಅವಳು ಗೋಡೆಗೆ ಒರಗಿ ನಿಂತಳು. 'ಕುಡಿಸೋದು ಅಂತ ನೀವೂ ಅತ್ತೇನೂ ತೀರ್ಮಾನ ಮಾಡಿದ್ರಿ. ಡಾಕ್ಟ್ರಿಗೆ ಉತ್ತರಾನೂ ನೀವೇ ಕೊಟ್ರಿ. ಕುಡಿದೋಳು ನಾನಲ್ವಾ?' ಅಂದಳು. ತಲೆಗೆ ಸುತ್ತಿದ್ದ ಬಟ್ಟೆ ಸರಿ ಮಾಡಿಕೊಂಡು ಒಬ್ಬಳೇ ವಾಪಸ್ ಒಳಗೆ ಹೋದಳು, ಎಲ್ಲ ಹೇಳಿ ಬಂದಳು. ಯಾರೂ ಬೈಯ್ಯಲಿಲ್ಲ. ಬರೆದುಕೊಂಡರು, ನಿಲ್ಲಿಸಿ ಅಂದರು. ನಿಲ್ಲಿಸಿದ ಮೇಲೆ ಅಂಕಿಗಳು ಇಳಿದವು. ಕಷಾಯದಿಂದಲೇ ಏರಿತ್ತು ಅಂತ ಯಾರೂ ಹೇಳಲಿಲ್ಲ, ಕೀಮೋದಿಂದಲೂ ಏರುತ್ತದಂತೆ. ಅಲ್ಲ ಅಂತಲೂ ಹೇಳಲಿಲ್ಲ.

ಆಮೇಲೆ, ಕೋವಿಡ್ ಹೊತ್ತಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್‌ಗೆ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಅವರದು. ನಿನಗೆ ಮುಖ್ಯವಾದದ್ದು ಅರಿಶಿನದ ಮಾತ್ರೆ. ಟ್ಯಾಮಾಕ್ಸಿಫೆನ್ ದೇಹದೊಳಗೆ ಹೋಗಿ ಎಂಡಾಕ್ಸಿಫೆನ್ ಆಗಬೇಕು, ಕೆಲಸ ಮಾಡುವುದು ಅದು. ಜೊತೆಗೆ ಕರ್ಕ್ಯುಮಿನ್ ಮಾತ್ರೆ, ಅಂದರೆ ಈ ಅರಿಶಿನದ ಮಾತ್ರೆ, ನುಂಗಿದರೆ ರಕ್ತದಲ್ಲಿ ಎಂಡಾಕ್ಸಿಫೆನ್ ಮಟ್ಟ ಇಳಿಯುತ್ತದೆ ಅಂತ 2019ರಲ್ಲಿ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಸಂಶೋಧಕರು ತೋರಿಸಿದ್ದಾರೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಆ ಮಾತ್ರೆ ಬೇರೆ. ಮಾತ್ರೆ ಬೇಡ. ಕಷಾಯದ ಬಗ್ಗೆ ಡಾಕ್ಟರನ್ನು ಕೇಳಿ, ಅದೂ ಅವಳೇ ಕೇಳಲಿ.

ಪ್ರಕೃತಿಯೇ ವಾಸಿ ಮಾಡುತ್ತದೆ ಅಂತ ಬರೆದಿದ್ದೀಯ. ನಾನು ಕಂಡ ಪ್ರಕೃತಿ ಅಂದರೆ ನಡಿಗೆ. ಸುಸ್ತು ಅಂತ ಮಲಗಿದರೆ ಸುಸ್ತು ಜಾಸ್ತಿ ಆಗುತ್ತಿತ್ತು. ಮೊದಲ ದಿನ ಲೆಟರ್ ಬಾಕ್ಸ್‌ವರೆಗೆ, ತಿಂಗಳ ಮೇಲೆ ಪಾರ್ಕಿನ ಒಂದು ಸುತ್ತು. ಮಾತಿಲ್ಲ, ಸುಮ್ನೆ ಜೊತೆಗೆ ನಡೆಯುವುದು. ನಮ್ಮ ಮದುವೆಯಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಜೊತೆಗಿದ್ದದ್ದು ಅದೇ ಮೊದಲು.

ಅಮ್ಮನಿಗೆ ಮಾತ್ರ ನಾನು ನಿಜ ಹೇಳಲಿಲ್ಲ. ಬಾಟ್ಲಿ ಬರುತ್ತಲೇ ಇತ್ತು. 'ಕುಡೀತಾವ್ಳೇನ್ಲಾ?' 'ಹೂಂ ಕಣಮ್ಮ.' ಪುಡಿಯನ್ನು ಗುಲಾಬಿ ಗಿಡದ ಬುಡಕ್ಕೆ ಸುರಿಯುತ್ತಿದ್ದೆ. 2016ರಲ್ಲಿ ಅಮ್ಮ ತೀರಿಕೊಂಡರು. ಸೊಸೆಯನ್ನು ಬಳ್ಳಿ ಉಳಿಸಿತು ಅಂತ ಬೀದಿಗೆಲ್ಲ ಹೇಳಿಕೊಂಡೇ ಹೋದರು.

ಹೋದ ವರ್ಷ ಊರಿಗೆ ಹೋಗಿದ್ದಾಗ ಹಿಂದಿನ ಬೀದಿಯ ಹೆಂಗಸೊಬ್ಬರು ಕುಡುಗೋಲು ಹಿಡಿದು ಹಿತ್ತಲಿಗೆ ಬಂದರು. ಮಗಳಿಗೆ ಕೀಮೋ ನಡೀತಿದೆಯಂತೆ. 'ನಿಮ್ಮತ್ತೆ ಕೊಟ್ಟಿದ್ದು ಕುಡ್ದು ನೀವು ವಾಸಿ ಆದ್ರಂತಲ್ಲವ್ವಾ' ಅಂದರು. ನಾನು ಬೇವಿನ ಮರ ನೋಡುತ್ತಾ ನಿಂತೆ. ನನ್ನ ಹೆಂಡತಿಯೇ ನಿಧಾನವಾಗಿ ಹೇಳಿದಳು, ನಾನು ಬಿಟ್ಟುಬಿಟ್ಟಿದ್ದೆ, ಮೊದಲು ಡಾಕ್ಟ್ರನ್ನ ಕೇಳಿ ಅಂತ. ಆಕೆ ನಂಬಲಿಲ್ಲ. ಬಳ್ಳಿ ಕೊಡೋಕೆ ಇಷ್ಟ ಇಲ್ಲ ಅಂದುಕೊಂಡರೇನೋ. ಒಂದು ಮಾರು ಕೊಯ್ದುಕೊಂಡು ಹೋದರು.

ಈ ಭಾನುವಾರ ಇಬ್ಬರೂ ಊಟಕ್ಕೆ ಬನ್ನಿ. ಬಸ್ಸಾರು ಮಾಡುತ್ತೇನೆ, ಈಗ ಚೆನ್ನಾಗಿ ಬರುತ್ತದೆ. ಒಗ್ಗರಣೆ ವಾಸನೆ ಆಗುತ್ತದಾ ಇಲ್ಲವಾ, ತಂಗಿಯನ್ನೇ ಕೇಳಿ ತಿಳಿಸು.